ಎಲೆ ಮುಚ್ಚಿ ಕಲ್ಲು ಇಡು

ಕೇಳಿ ಮಾರಾಯ್ರೆ, ದೇಯಮ್ಮ ಎನ್ನುವ ಹೆಂಗಸಿಗೆ ಈ ಲೋಕದಲ್ಲಿ ಬೇಕಾದ್ದು ಒಂದೇ. ಒಂದು ದಿನ, ಬರೀ ಒಂದು ದಿನ, ಬೆನ್ನನ್ನು ನೆಲಕ್ಕೆ ಹಾಕಿ ಮಲಗಬೇಕು. ಗಂಡ ಸತ್ತಂದಿನಿಂದ ಅದು ಕೂಡಿಬಂದಿಲ್ಲ. ಮನೆಯಲ್ಲಿ ಇನ್ನೊಂದು ಜೀವ ಉಂಟು, ಮಗ ತನಿಯಪ್ಪ. ಮೀಸೆ ಬಂದಿದೆ, ಬುದ್ಧಿ ದಾರಿಯಲ್ಲಿ ಎಲ್ಲೋ ಕೂತಿದೆ. ಹೇಳಿದ ಕೆಲಸ ಮಾಡುವುದಿಲ್ಲ ಅಂತಲ್ಲ. ಹೇಳಿದ್ದನ್ನೇ ಮಾಡುತ್ತಾನೆ, ಅದೇ ಕಷ್ಟ.

ಅವರ ತೆಂಗಿನ ತೋಟದ ನಡುವೆ ಒಂದಿಷ್ಟು ಕೊಕ್ಕೊ ಮರ, ಚಾಕಲೇಟು ಮಾಡುವ ಬೀಜದ್ದು. ತಿರುಳು ಬಾಯಿಗೆ, ಸಿಪ್ಪೆ ದನಕ್ಕೆ, ತರಗೆಲೆ ತೆಂಗಿನ ಬುಡಕ್ಕೆ, ಬೀಜ ಪೇಟೆಯ ವ್ಯಾನಿಗೆ. ಒಂದು ಬೆಳಿಗ್ಗೆ ದೇಯಮ್ಮ ಸೊಂಟ ಹಿಡಿದುಕೊಂಡು, ಹಣ್ಣು ತಾ ಮಗನೇ ಅಂದಳು. ತನಿಯಪ್ಪ ಎಳೆದ, ಜಗ್ಗಿದ, ಮರದ ಸಿಪ್ಪೆ ಸಮೇತ ಕಿತ್ತು ತಂದ. ಅದೇ ಜಾಗದಲ್ಲಲ್ಲವೋ ಮತ್ತೆ ಹೂ ಬಿಡುವುದು, ಕೀಳಬಾರದು, ತೊಟ್ಟು ಬಿಟ್ಟು ಕತ್ತಿಯಲ್ಲಿ ಕೊಯ್ಯಬೇಕು ಅಂತ ಬೈದಳು. ಆಯಿತಮ್ಮ ಅಂದ.

ಸಂಜೆ ಗುಡ್ಡೆಯಲ್ಲಿ ಕಟ್ಟಿದ ದನ ತರಲು ಕಳಿಸಿದಳು. ಗೂಟದಲ್ಲಿ ತುಂಡು ಹಗ್ಗ ಬಿಟ್ಟು, ಉಳಿದದ್ದನ್ನು ಕತ್ತಿಯಲ್ಲಿ ಕೊಯ್ದ. ದನ ಓಡಿತು. ಹುಡುಕಿ ತರುವಷ್ಟರಲ್ಲಿ ದೇಯಮ್ಮನ ಕಾಲು ಬಿದ್ದುಹೋಯಿತು. ದನಕ್ಕೆ ಕತ್ತಿ ಯಾಕೋ, ತಿನ್ನಲು ಏನಾದರೂ ಹಿಡಿದು ಬಾ ಬಾ ಅಂತ ಪ್ರೀತಿಯಿಂದ ಕರೆಯಬೇಕು ಅಂದಳು. ಆಯಿತಮ್ಮ ಅಂದ.

ಮಾರನೇ ದಿನ ಅಳಿಲು ಬಂದರೆ ನೋಡಿಕೋ ಅಂತ ಮರದ ಕೆಳಗೆ ಕೂರಿಸಿದಳು. ತನಿಯಪ್ಪ ಹಣ್ಣು ಒಡೆದು ಹಿಡಿದ, ಬಾ ಬಾ ಅಂತ ಕರೆದ. ಒಂದು ಬಂತು, ನೆಂಟರಿಷ್ಟರನ್ನೂ ಕರೆತಂತು. ದೇಯಮ್ಮ ಬಂದು ನೋಡುವಾಗ ಮರದಲ್ಲಿ ತೂತು ಬೀಳದ ಹಣ್ಣು ಬೆರಳೆಣಿಕೆಯಷ್ಟು. ಬೈಯಲು ಹೊರಟವಳು ಸೆರಗು ಹೊದ್ದು ಅಲ್ಲೇ ಕೂತಳು. ಅವಳಿಗೆ ಆಗಲೇ ಚಳಿ ಹಿಡಿದಿತ್ತು.

ಉಳಿದದ್ದನ್ನು ಕೊಯ್ದು ಒಡೆಸಿ, ನಡುಗುತ್ತಲೇ ಹೇಳಿಕೊಟ್ಟಳು. ಬೀಜ ಬುಟ್ಟಿಗೆ ಹಾಕಬೇಕು, ಬಾಳೆ ಎಲೆ ಮುಚ್ಚಿ ಮೇಲೆ ಕಲ್ಲು ಇಡಬೇಕು. ಬಿಸಿಯೇರಿ ಬೆವರುತ್ತದೆ. ಮಗುಚಿ ಹಾಕಬೇಕು, ಆಮೇಲೆ ಬಿಸಿಲಿಗೆ. ಇಲ್ಲದಿದ್ದರೆ ಬೂಸ್ಟು ಹಿಡಿದು ಹಾಳಾಗುತ್ತದೆ. ಒಳ್ಳೆಯ ಹಣ್ಣೊಂದನ್ನು ಮಾತ್ರ ಮಾರಬಾರದು, ಬೀಜಕ್ಕೆ ಇಡಬೇಕು.

"ಇಷ್ಟು ಮಾಡು ತನಿಯಪ್ಪ. ನಾನೊಂದು ಗಳಿಗೆ ಮಲಗುತ್ತೇನೆ."

ಮಲಗಿದಳು. ಹಲ್ಲು ಕಟಕಟ ಅನ್ನುತ್ತಿತ್ತು. ತನಿಯಪ್ಪ ಅಮ್ಮನನ್ನು ನೋಡಿದ, ಬುಟ್ಟಿಯನ್ನು ನೋಡಿದ. ಬುಟ್ಟಿಯ ಎಲೆಯನ್ನೆಲ್ಲ ತೆಗೆದು ಅಮ್ಮನಿಗೆ ಮುಚ್ಚಿದ, ಮೇಲೆ ಗೋಣಿ ಹಾಸಿ ನಾಲ್ಕೂ ಮೂಲೆಗೆ ಕಲ್ಲು ಇಟ್ಟ. ಹೊತ್ತು ಹೊತ್ತಿಗೆ ಈ ಮಗ್ಗುಲಿಂದ ಆ ಮಗ್ಗುಲಿಗೆ ಮಗುಚಿದ. ದೇಯಮ್ಮ ಬೆವರಿದಳು, ಜ್ವರ ಇಳಿಯಿತು, ಎಷ್ಟೋ ವರ್ಷಗಳ ನಿದ್ದೆಯನ್ನೆಲ್ಲ ಒಟ್ಟಿಗೆ ಮಾಡಿದಳು.

ಮೂರನೇ ದಿನ ಎಚ್ಚರವಾದಾಗ ಅವಳು ಅಂಗಳದಲ್ಲಿದ್ದಳು, ಚಾಪೆಯ ಮೇಲೆ, ಎಳೆ ಬಿಸಿಲಲ್ಲಿ. ಪಕ್ಕದಲ್ಲಿ ಮಗ ಕೋಲು ಹಿಡಿದು ಕಾಗೆ ಓಡಿಸುತ್ತಿದ್ದ. ಜಗಲಿಯಲ್ಲಿ ಬುಟ್ಟಿ ತೆರೆದೇ ಬಿದ್ದಿತ್ತು, ಬೀಜದ ಮೇಲೆ ಬಿಳೀ ಬೂಸ್ಟು. ಅಷ್ಟರಲ್ಲಿ ಗೇಟಿನ ಹತ್ತಿರ ಪೇಟೆಯ ವ್ಯಾನು ಬಂದು ಹಾರ್ನ್ ಹೊಡೆಯಿತು. ಏಳಬೇಕು, ಬೈಯಬೇಕು. ದೇಯಮ್ಮನಿಗೆ ಸಾಕಾಗಿತ್ತು, ಮಲಗಿಯೇ ಇದ್ದಳು.

ತನಿಯಪ್ಪ ಓಡಿಹೋಗಿ ವ್ಯಾನಿನವನಿಗೆ ಕೈಯಡ್ಡ ಹಿಡಿದ, ಚಾಪೆಯ ಮೇಲಿದ್ದ ಅಮ್ಮನನ್ನು ತೋರಿಸಿದ.

"ಇದನ್ನು ಕೊಡುವುದಿಲ್ಲ. ಬೀಜಕ್ಕೆ ಇಟ್ಟದ್ದು."