ದ್ಯಾಮಣ್ಣ ಉಸ್ತಾದರು ಕೊಡದ ಹಿಡಿಮಣ್ಣು

ಕುಸ್ತಿ ಎಂದರೆ ತಾಟಿನಲ್ಲಿನ ಊಟ ಬಿಟ್ಟು ಓಡುವ ಊರು ಅದು. ಆ ಊರಿನ ಗರಡಿಗೆ ದ್ಯಾಮಣ್ಣ ಉಸ್ತಾದರೇ ಗುರು. ಮಕ್ಕಳಿಲ್ಲದ ಅವರಿಗೆ ಶಿಷ್ಯರೇ ಮಕ್ಕಳು. ಅವರಲ್ಲೂ ಭರಮಪ್ಪನೆಂದರೆ ಒಂದು ತೂಕ ಹೆಚ್ಚು ಪ್ರೀತಿ. ಭರಮಪ್ಪ ಕಣಕ್ಕಿಳಿದನೆಂದರೆ ಎದುರಾಳಿಯ ಬೆನ್ನು ನೆಲ ಕಂಡಿತೆಂದೇ ಲೆಕ್ಕ.

ಅಂಥ ಭರಮಪ್ಪ ಒಮ್ಮೆ ಗೆದ್ದ ಅಮಲಿನಲ್ಲಿ ಕುಡಿದು ಮನೆಗೆ ಹೋದ. ಹೆಂಡತಿ ಸಾವಂತ್ರೆವ್ವ ಬಾಗಿಲು ತೆಗೆಯುವುದು ತುಸು ತಡವಾಯಿತು. ಅಷ್ಟಕ್ಕೇ ಅವಳನ್ನು ಸಾಯುವಂತೆ ಹೊಡೆದ. ಜೀವ ಉಳಿಯಿತು, ಎಡಗಣ್ಣು ಹೋಯಿತು. ಕೋರ್ಟು ಅವನಿಗೆ ಏಳು ವರ್ಷ ಜೈಲು ವಿಧಿಸಿತು.

ಶಿಕ್ಷೆ ಮುಗಿಸಿ ಬಂದ ಭರಮಪ್ಪ ನೆಟ್ಟಗೆ ಗರಡಿಗೆ ಬಂದು ಉಸ್ತಾದರ ಕಾಲು ಹಿಡಿದ.

"ನನಗ ಬ್ಯಾರೆ ಕೆಲಸ ಬರಾಂಗಿಲ್ರಿ ಉಸ್ತಾದ್ರ. ಎಲ್ಲಿ ಹೋದ್ರೂ ಬಾಗಲಾ ಹಾಕ್ತಾರ."

ಉಸ್ತಾದರು ಅವನ ಮುಖ ನೋಡದೆ ಮೂಲೆಯಲ್ಲಿದ್ದ ಗುದ್ದಲಿ ತೋರಿಸಿದರು. "ಕಣದ ಮಣ್ಣು ಅಗಿ. ಎಣ್ಣಿ ಮಜ್ಜಿಗಿ ಹಾಕಿ ಹದ ಮಾಡು. ಎರಡು ಹೊತ್ತು ಉಣ್ಣು."

ಸುದ್ದಿ ಊರಿಗೆ ಮುಟ್ಟಿತು. ಒಂದು ಗುಂಪು ಗರಡಿಯ ಮುಂದೆ ಬಂದು ನಿಂತಿತು. "ಇಂಥವಗ ಅನ್ನ ಹಾಕ್ತೀರೇನ್ರಿ? ಓಡಸ್ರಿ ಹೊರಗ!" ಎಂದು ಕೂಗಿತು. ಒಬ್ಬ ಕಲ್ಲು ಕೂಡ ಎತ್ತಿಕೊಂಡಿದ್ದ.

ಉಸ್ತಾದರು ಬಾಗಿಲಿಗೆ ಅಡ್ಡ ನಿಂತರು. "ಕೋರ್ಟು ಏಳು ವರ್ಷ ಅಂತು, ಏಳೂ ಕಳದು ಬಂದಾನ. ಎಂಟನೇ ವರ್ಷ ನೀವು ಬರೀತೀರೇನು? ಬೆವರು ಸುರಿಸಿ ಉಣ್ಣಾಕತ್ತಾನ, ನಿಮ್ಮ ಮನಿ ಮುಂದ ಬೇಡಾಕ ಬಂದಿಲ್ಲ. ನಡೀರಿ."

ಗುಂಪು ಬೈದುಕೊಳ್ಳುತ್ತ ಚದುರಿತು.

ಕೆಲ ತಿಂಗಳಾದ ಮೇಲೆ ಬೇರೆಯದೇ ಗಾಳಿ ಬೀಸಿತು. ಹತ್ತಿ ಮಿಲ್ಲಿನ ಅಂದಾನೆಪ್ಪ ಸಾವಕಾರರು ಒಂದು ದೊಡ್ಡ ಕುಸ್ತಿ ಇಟ್ಟರು. ಕೊಲ್ಲಾಪುರದ ಕಡೆಯ ಹೆಸರಾಂತ ಪೈಲ್ವಾನ ಬರುವವನಿದ್ದ. ಅವನಿಗೆ ಎದುರು ಜೋಡಿ ಭರಮಪ್ಪನೇ ಆಗಬೇಕೆಂದು ಸಾವಕಾರರು ಗರಡಿಗೆ ಬಂದರು. ಗರಡಿ ನಿಂತಿದ್ದೂ ಅವರ ಜಾಗದಲ್ಲೇ.

"ಶಿಕ್ಷಾ ಮುಗದೈತಿ ಅಂತ ನೀವ ಅಂದೀರಲ್ಲ ಉಸ್ತಾದ್ರ? ಮತ್ಯಾಕ ತಡ? ಅಂವನ್ನ ಬಾಜಾ ಬಜಂತ್ರಿ ಹಚ್ಚಿ ಮೆರವಣಿಗಿ ಮಾಡೂಣು. ಊರಿನ ಮಾನದ ಮಾತದ."

ಉಸ್ತಾದರು ಆಡಿದ ಮಾತು ಅವರಿಗೇ ಎದುರಾಗಿ ನಿಂತಿತು. ಭರಮಪ್ಪ ಮತ್ತೆ ಕಣದಲ್ಲಿ ತೊಡೆ ತಟ್ಟುವುದನ್ನು ನೋಡುವ ಆಸೆ ಅವರಿಗೂ ಇತ್ತು. ಇಲ್ಲವೆಂದರೆ ಸುಳ್ಳಾದೀತು. ಯೋಚಿಸಿ ಯೋಚಿಸಿ ಸಾವಂತ್ರೆವ್ವನನ್ನೇ ಕೇಳೋಣವೆಂದು ಹೊರಟರು.

ಅವಳು ಬಸ್ ಸ್ಟ್ಯಾಂಡಿನ ಹತ್ತಿರದ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಎದುರಿನ ಗೋಡೆಗೆ ಆಗಲೇ ಭರಮಪ್ಪನ ಆಳೆತ್ತರದ ಚಿತ್ರ ಅಂಟಿಸಿದ್ದರು. ಸಾವಂತ್ರೆವ್ವ ಅದಕ್ಕೆ ಬೆನ್ನು ಮಾಡಿ ಕುಳಿತಿದ್ದಳು.

"ನೀ ಹೂಂ ಅಂದ್ರ ಅಂವನ್ನ ಕಣಕ್ಕ ಕಳಸ್ತೀನಿ ತಂಗಿ, ಒಲ್ಲೆ ಅಂದ್ರ ಇಲ್ಲ," ಎಂದರು ಉಸ್ತಾದರು.

ಅವಳು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. "ಕಾಕಾ, ನೀವು ನನ್ನ ಕೇಳಾಕ ಬಂದೀರೋ, ನಿಮ್ಮ ಭಾರ ನನ್ನ ತಲಿಮ್ಯಾಲ ಇಳಸಾಕ ಬಂದೀರೋ? ಹೂಂ ಅಂದ್ರ, ಆಕೀನ ಒಪ್ಯಾಳ ಅಂತೀರಿ. ಒಲ್ಲೆ ಅಂದ್ರ, ಆಕಿ ಊರಿನ ಮಾನಾ ಕಳದ್ಲು ಅಂತಾರ. ಎರಡೂ ನನಗ ಬ್ಯಾಡ."

ಉಸ್ತಾದರು ತಲೆ ತಗ್ಗಿಸಿದರು.

"ಅಂವ ದುಡದು ಉಣ್ಣಲಿ," ಎಂದಳು ಸಾವಂತ್ರೆವ್ವ. "ಅದಕ್ಕ ನಾ ಎಂದೂ ಅಡ್ಡ ಬಂದಿಲ್ಲ. ಆದ್ರ ನೀವೆಲ್ಲಾ ಅಂವನ ತೋಳಿಗೆ ಜೈ ಅಂತೀರಲ್ಲ, ನನ್ನ ಹೊಡದದ್ದೂ ಅದ ತೋಳು ಕಾಕಾ. ಬ್ಯಾರೆ ತೋಳಲ್ಲ."

ಉಸ್ತಾದರು ಗರಡಿಗೆ ಮರಳಿ ಭರಮಪ್ಪನನ್ನು ಕೂರಿಸಿಕೊಂಡರು. "ಭರಮ್ಯಾ, ಬಂದಾಗಿಂದ ಒಮ್ಮೆಯಾದ್ರೂ ಆ ಹೆಣ್ಮಗಳಿಗೆ ತಪ್ಪಾತು ಅಂತ ಹೇಳಿ ಕಳಿಸಿದಿ ಏನು?"

ಭರಮಪ್ಪನ ಮುಖ ಗಂಟಿಕ್ಕಿತು. "ಜೈಲಿಗೆ ಹೋಗಿ ಬಂದೇನಲ್ರಿ, ಮುಗೀತು. ಇನ್ನೇನು ಹೇಳೂದೈತಿ?"

"ಹಂಗಾರ ಮಣ್ಣು ಅಗಿ. ಉಣ್ಣು. ಕಣಕ್ಕ ನಾ ಕಳಸಾಂಗಿಲ್ಲ."

ಭರಮಪ್ಪ ಸಿಟ್ಟಿನಿಂದ ಎದ್ದು ಸಾವಕಾರರ ಮನೆ ಸೇರಿದ.

ಕುಸ್ತಿಯ ದಿನ ಮೈದಾನದಲ್ಲಿ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ. ಭರಮಪ್ಪನಿಗೆ ಅನ್ನ ಹಾಕಬೇಡಿ ಎಂದು ಕೂಗಿದ್ದವರಲ್ಲಿ ಅರ್ಧಕ್ಕರ್ಧ ಮಂದಿ ಅವತ್ತು ಅವನಿಗೇ ಶಿಳ್ಳೆ ಹೊಡೆಯುತ್ತಿದ್ದರು. ಕೊರಳ ತುಂಬ ಹಾರ ಹಾಕಿಕೊಂಡು ಅವನು, ಮಿಕ್ಕ ಶಿಷ್ಯರ ಜೊತೆ ಮೈದಾನಕ್ಕೆ ಬಂದಿದ್ದ ಉಸ್ತಾದರ ಮುಂದೆ ಬಂದು ಬಾಗಿದ.

ಆ ಸೀಮೆಯಲ್ಲಿ ಒಂದು ಪದ್ಧತಿ. ಕುಸ್ತಿಗೆ ಮೊದಲು ಉಸ್ತಾದ ತನ್ನ ಶಿಷ್ಯನ ಹೆಗಲಿಗೆ ಒಂದು ಹಿಡಿ ಮಣ್ಣು ಹಾಕಬೇಕು. 'ಇವನು ನನ್ನವನು, ಇವನ ಕೈಗೆ ನಾನು ಹೊಣೆ' ಎಂದು ಅದರ ಅರ್ಥ. ಮಣ್ಣು ಹಾಕಿಸಿಕೊಳ್ಳದವನ ಜೊತೆ ಯಾರೂ ಕೈ ಕೂಡಿಸುವುದಿಲ್ಲ.

ದ್ಯಾಮಣ್ಣ ಉಸ್ತಾದರು ಕೈ ಕಟ್ಟಿ ನಿಂತರು.

"ಹಾಕ್ರಿ ಮಣ್ಣು!" ಎಂದು ಸಾವಕಾರರು ಗದರಿದರು. "ಇಲ್ಲಾಂದ್ರ ನಾಳೆ ನನ್ನ ಜಾಗದಾಗ ನಿಮ್ಮ ಗರಡಿ ಇರಾಂಗಿಲ್ಲ."

ಜನ ಹುಚ್ಚೆದ್ದರು. "ಊರಿನ ಮಾನಕ್ಕ ಮಣ್ಣು ಹಾಕಿದಿ, ಮುದುಕಾ!" ಎಂದರು. ಎಲ್ಲಿಂದಲೋ ತೂರಿ ಬಂದ ಚಪ್ಪಲಿ ಅವರ ಎದೆಗೆ ಬಡಿಯಿತು. ಎಂದೂ ಇಂಥ ಅವಮಾನ ಉಣ್ಣದ ಉಸ್ತಾದರ ಕಣ್ಣಲ್ಲಿ ನೀರಾಡಿತು. ಆದರೆ ದನಿ ನಡುಗಲಿಲ್ಲ.

"ದುಡಿಯಾಕ ಬಂದಾಗ ಕೆಲಸಾ ಕೊಟ್ಟೆ, ಬೈದ್ರಿ. ಮೆರಿಯಾಕ ಬಂದಾಗ ಒಲ್ಲೆ ಅಂದೆ, ಈಗೂ ಬೈತೀರಿ. ಬೈರಿ! ಅನ್ನ ಅಂವನ ಹಕ್ಕು, ಅದನ್ನ ಯಾರಿಗೂ ಕಸಗೊಳ್ಳಾಕ ಬಿಡಾಂಗಿಲ್ಲ. ಈ ಮಣ್ಣು ನನ್ನ ಮಾತು, ಅದನ್ನ ಯಾರಿಗೂ ಅಂಜಿ ಕೊಡಾಂಗಿಲ್ಲ. ಆಕಿ ಕಣ್ಣು ಕಳದ ಕೈಗೆ ನಾ ಹ್ಯಾಂಗ ಹೊಣೆ ಆಗಲಿ?"

ಕೊಲ್ಲಾಪುರದ ಕಡೆಯ ಪೈಲ್ವಾನ ಪಕ್ಕದವರನ್ನು ಸಂಗತಿ ಕೇಳಿ ತಿಳಿದುಕೊಂಡ. ಮರುಮಾತಾಡದೆ ಅಂಗಿ ತೊಟ್ಟುಕೊಂಡು ಉಸ್ತಾದರಿಗೆ ಕೈ ಮುಗಿದು ಹೊರಟುಹೋದ. ಕುಸ್ತಿ ನಡೆಯಲಿಲ್ಲ.

ಸಾವಕಾರರು ಮಾತಿಗೆ ತಪ್ಪಲಿಲ್ಲ, ಗರಡಿ ಕೆಡವಿಸಿದರು. ಒಂದಷ್ಟು ಶಿಷ್ಯರು ಬಿಟ್ಟುಹೋದರು. ಉಳಿದವರನ್ನು ಕಟ್ಟಿಕೊಂಡು ಉಸ್ತಾದರು ಕೆರೆಯ ದಂಡೆಯ ಬಯಲಲ್ಲಿ ಹೊಸ ಕಣ ತೋಡಿದರು. ಮೇಲೆ ಸೂರಿಲ್ಲ, ಸುತ್ತ ಗೋಡೆಯಿಲ್ಲ. ಸಾವಂತ್ರೆವ್ವ ಆ ಕಡೆ ಎಂದೂ ಬರಲಿಲ್ಲ. ಬರಲೆಂದು ಉಸ್ತಾದರು ಕಾಯಲೂ ಇಲ್ಲ.

ಕುಸ್ತಿ ಆಡದ ಪೈಲ್ವಾನನಿಂದ ಸಾವಕಾರರಿಗೇನು ಲಾಭ? ಅವರೂ ಭರಮಪ್ಪನನ್ನು ಕೈಬಿಟ್ಟರು. ಒಂದು ಮುಂಜಾನೆ ಅವನು ಕೆರೆಯ ದಂಡೆಗೆ ಬಂದು ನಿಂತ.

"ಕೆಲಸಾ ಐತೇನ್ರಿ ಉಸ್ತಾದ್ರ?"

"ಐತಿ."

"ಕುಸ್ತಿ?"

"ಇಲ್ಲ."

ಭರಮಪ್ಪ ಅಂಗಿಯ ತೋಳು ಮಡಚಿ ಕಣಕ್ಕಿಳಿದು ಮಣ್ಣು ಅಗಿಯತೊಡಗಿದ.

ನೀತಿ: ಶಿಕ್ಷೆ ಮುಗಿಸಿ ಬಂದವನ ಅನ್ನ ಕಸಿಯುವುದು ಅನ್ಯಾಯ. ಪಶ್ಚಾತ್ತಾಪವೇ ಇಲ್ಲದವನ ಕೊರಳಿಗೆ ಹಾರ ಹಾಕುವುದು ನೊಂದವರಿಗೆ ಮಾಡುವ ಎರಡನೆಯ ಅನ್ಯಾಯ. ದುಡಿಮೆ ಹಕ್ಕು, ಗೌರವ ಹಕ್ಕಲ್ಲ. ಊರೆಲ್ಲ ಒಂದಾಗಿ ಕೂಗಿದರೂ ಈ ಎರಡನ್ನೂ ಬೇರೆ ಮಾಡಿ ನೋಡುವವನೇ ನಿಜವಾದ ಗುರು.