ನೆರೆಗೆ ಬೀಳದ ಗೋಡೆ

"ಬೇಕಾದರೆ ನಂಬಬೇಡಿ ಗುರುಗಳೇ. ಅಪ್ಪನನ್ನು ಮಣ್ಣು ಮಾಡಿದ ದಿನ ಊರೆಲ್ಲ ಅತ್ತಿತು. ನಾನೊಬ್ಬ ಅಲ್ಲಾಡದೆ ನಿಂತಿದ್ದೆ. ಒಂದು ಹನಿ ಕಣ್ಣೀರು ಬರಗೊಡಲಿಲ್ಲ. ನನ್ನಂಥ ಗಟ್ಟಿಗ ನಮ್ಮ ಸುತ್ತಮುತ್ತಲ ಊರುಗಳಲ್ಲೇ ಇಲ್ಲ. ವರ್ಷ ಕಳೆದು ಎಲ್ಲ ಮಾಮೂಲಾದ ಮೇಲೆ ಈಗೇಕೆ ಸುಮ್ಮನೆ ಕೂತರೂ ಮೈ ನಡುಗುತ್ತದೆ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಹೊಳೆದಂಡೆಯ ಪಟ್ಟಣವೊಂದಕ್ಕೆ ತಡೆಗೋಡೆ ಕಟ್ಟುವ ಕೆಲಸ ಒಬ್ಬ ಕಲ್ಲುಕೆಲಸದವನಿಗೆ ಬಂತು. ಅಲ್ಲಿನ ಹಳೆಯ ಗೋಡೆಗಳಲ್ಲಿ ಮಾರು ಮಾರಿಗೆ ಒಂದೊಂದು ಕಂಡಿ ಇರುತ್ತಿತ್ತು. ಊರ ನೆಲದಲ್ಲಿ ಇಂಗಿದ ನೀರು ಅದರ ಮೂಲಕ ಹೊಳೆಗೆ ಬಸಿಯುತ್ತಿತ್ತು. ಇವನು ನಕ್ಕ. "ಕಂಡಿ ಬಿಡುವುದು ಕೈಲಾಗದವರ ಕೆಲಸ. ನನ್ನ ಗೋಡೆಯಲ್ಲಿ ಇರುವೆಗೂ ದಾರಿಯಿಲ್ಲ" ಎಂದ. ಅಷ್ಟು ಸಾಲದೆಂದು ಗೋಡೆಗೆ ಒತ್ತಿಕೊಂಡೇ ಮನೆ ಕಟ್ಟಿ ಹೆಂಡತಿಯನ್ನು ಕರೆತಂದ.

ಆ ವರ್ಷ ಹಿಂದೆಂದೂ ಕಾಣದ ನೆರೆ ಬಂತು. ಏಳು ದಿನ ಹೊಳೆ ಗೋಡೆಗೆ ಅಪ್ಪಳಿಸಿತು. ಒಂದು ಕಲ್ಲೂ ಅಲುಗಲಿಲ್ಲ. ಪಟ್ಟಣದವರು ಅವನನ್ನು ಹೊತ್ತು ಮೆರೆಸಿದರು.

ನೆರೆ ಇಳಿಯಿತು. ಹೊಳೆ ಮರಳಿನ ನಡುವೆ ತೆಳ್ಳಗೆ ಹರಿಯತೊಡಗಿತು. ಅವನ ಮನೆಯ ಬಾವಿಯಲ್ಲಿ ಮಾತ್ರ ನೀರು ಇಳಿಯಲಿಲ್ಲ. ದಿನಕ್ಕೊಂದು ಗೇಣು ಏರಿತು. ಅಂಗಳದ ಮಣ್ಣು ಕಾಲಿಟ್ಟಲ್ಲಿ ಕುಸಿದು, ಕಾಲೆತ್ತಿದರೆ ಮೆಲ್ಲಗೆ ಉಬ್ಬಿ ಬರುತ್ತಿತ್ತು.

ಒಂದು ಮಧ್ಯಾಹ್ನ ಹೆಂಡತಿ ಅಡುಗೆ ಬಿಟ್ಟು ಎದ್ದು ಬಂದಳು. "ಹೊಳೆ ಅಲ್ಲಿ ಮಲಗಿದೆ. ಮತ್ತೆ ಒಲೆಯ ಕೆಳಗೆ ಹರಿಯುತ್ತಿರುವುದು ಯಾವುದು?"

"ಕಿವಿಗೆ ಎಣ್ಣೆ ಬಿಟ್ಟುಕೋ."

"ಬಿಟ್ಟುಕೊಂಡೆ. ಈಗ ಇನ್ನೂ ಚೆನ್ನಾಗಿ ಕೇಳಿಸುತ್ತಿದೆ. ನೀವೇ ಬಂದು ಕೇಳಿ."

ಅವನು ನೆಲಕ್ಕೆ ಕಿವಿಯಿಟ್ಟ. ನೆರೆಯ ಏಳು ದಿನಗಳ ಸದ್ದು ಒಂದೂ ಬಿಡದೆ ಅಲ್ಲಿತ್ತು. ಅವನಿಗೆ ಏಳಲೂ ಆಗಲಿಲ್ಲ. ಹೆಂಡತಿಯೇ ತೋಳು ಹಿಡಿದು ಬೀದಿಗೆ ಎಳೆದುಕೊಂಡು ಹೋದಳು. ಅವರು ತಿರುಗಿ ನೋಡುವಷ್ಟರಲ್ಲಿ ಗೋಡೆ ಹೊಳೆಯ ಕಡೆಗೆ ಮಗುಚಿತು. ಅದರ ಹಿಂದೆಯೇ ಮನೆಯೂ ಹೋಯಿತು. ಆ ಹೊತ್ತಿನಲ್ಲಿ ಗಾಳಿಯಿರಲಿಲ್ಲ, ಮಳೆಯಿರಲಿಲ್ಲ. ಹೊಳೆ ಮೊಣಕಾಲುದ್ದವೂ ಇರಲಿಲ್ಲ.

ಕತೆ ಅಲ್ಲಿಗೆ ನಿಂತಿತು. ಶಿಷ್ಯ ಕೈಗಳನ್ನು ಕಂಕುಳಲ್ಲಿ ಅಡಗಿಸಿಕೊಂಡು, "ನಾನಾಗಿದ್ದರೆ ಇನ್ನೂ ದಪ್ಪ ಕಟ್ಟುತ್ತಿದ್ದೆ. ಇರಲಿ, ಅಂಥ ನೆರೆಯನ್ನು ತಡೆದವನಿಗೆ ಪಟ್ಟಣದವರು ಕೊನೆಗೆ ಕೊಟ್ಟದ್ದೇನು?" ಎಂದ.

"ಹೊಸ ಗೋಡೆಯ ಕಂಡಿಗಳಿಂದ ದಿನವೂ ಹೂಳು ತೆಗೆಯಲು ಒಂದು ಸಲಾಕೆ" ಎಂದರು ಗುರುಗಳು.