ಕಂಬದ ಪೇಟೆಯ ಕಾವಲು

"ಇಂಥ ಪೇಟೆ ಏಳು ಸಮುದ್ರದಾಚೆಗೂ ಇಲ್ಲ!" ಎಂದು ಹೊನ್ನಿಗನೂರಿನ ರಾಜ ನಾಗರಸ ಮೀಸೆ ತಿರುವಿದ.

ಜಂಬಕ್ಕೆ ಕಾರಣವಿತ್ತು. ನೆರೆರಾಜ್ಯದ ದೊರೆ ಬಂದವನು ಕೋಟೆ ನೋಡಲಿಲ್ಲ, ಅರಮನೆ ನೋಡಲಿಲ್ಲ. ಊರ ನಡುವಿನ ಕಂಬದ ಪೇಟೆಯನ್ನು ಬಾಯಿ ಬಿಟ್ಟುಕೊಂಡು ನೋಡಿ ಹೋಗಿದ್ದ. ಬೀದಿಯ ಎರಡೂ ಕಡೆ ಕೆತ್ತನೆಯ ಮರದ ಕಂಬಗಳು, ಅವುಗಳ ಹಿಂದೆ ಜಗಲಿ, ಜಗಲಿಯ ಮೇಲೆ ಬಳೆ, ಬುಟ್ಟಿ, ಕಂಬಳಿ, ಕೊಬ್ಬರಿ. ಮುತ್ತಾತ ಕಟ್ಟಿಸಿದ್ದು. ಅದೊಂದು ಅಲ್ಲಿದೆ ಎಂಬುದೇ ನಾಗರಸನಿಗೆ ಅಲ್ಲಿಯತನಕ ಗೊತ್ತಿರಲಿಲ್ಲ.

ಕೂಡಲೇ ಕಾವಲುಪಡೆಯ ಬೊಮ್ಮಣ್ಣನನ್ನು ಕರೆಸಿದ. "ಆ ಪೇಟೆಗೆ ಒಂದು ಗೀರೂ ಬೀಳಬಾರದು. ಯಾರೂ ಮುಟ್ಟಬಾರದು. ನಾನೇ ಬಂದು ಸಡಿಲಿಸು ಎಂದರೂ ಕೇಳಬೇಡ!"

ಬೊಮ್ಮಣ್ಣನಿಗೆ ಬುದ್ಧಿ ಕೊಂಚ ಮೊಟಕು, ಆದರೆ ಆಜ್ಞೆ ಎಂದರೆ ಆಜ್ಞೆ. ಮೊದಲು ಕಂಬಕ್ಕೆ ಒರಗುವುದು ನಿಂತಿತು. ಆಮೇಲೆ ಜಗಲಿಯ ಮೇಲೆ ಕೂರುವುದು. ತೊಲೆಗೆ ಮಸಿ ಹಿಡಿಯುತ್ತದೆಂದು ಒಲೆಗಳು ಆರಿದವು. ಜೋರಾಗಿ ಚೌಕಾಸಿ ಮಾಡಿದರೆ ಗೋಡೆ ಅದುರುತ್ತದೆಂದು ಜನ ಕಿವಿಯಲ್ಲಿ ಪಿಸುಗುಟ್ಟಿ ಬದನೆಕಾಯಿ ಕೊಂಡರು. ಕೊನೆಗೆ ನೆಲ ಸವೆಯುತ್ತದೆಂದು ಬೀದಿಯಲ್ಲಿ ನಡೆಯುವುದೇ ನಿಂತಿತು.

ವ್ಯಾಪಾರಿಗಳು ಗಂಟುಮೂಟೆ ಕಟ್ಟಿಕೊಂಡು ಹೊಳೆದಂಡೆಯ ಮರಳಿಗೆ ಹೋಗಿ ಕೂತರು. ಗಾಳಿ ಬಂತು, ಬಿಸಿಲು ಬಂತು, ಗಿರಾಕಿ ಬರಲಿಲ್ಲ.

ಆಸ್ಥಾನದ ವಿನೋದಗಾರ ಕೇತಯ್ಯ ಆ ಪೇಟೆಯಲ್ಲೇ ಬೆಳೆದವನು. ತಾಯಿಯಿಲ್ಲದ ಅವನನ್ನು ಸಾಕಿದ್ದೇ ದೋಸೆ ಮಾರುವ ಸಾತವ್ವ. ಅವಳನ್ನು ಹುಡುಕಿಕೊಂಡು ಹೊಳೆದಂಡೆಗೆ ಹೋದ.

"ಈಗ ದೋಸೆಗಿಂತ ಮರಳೇ ಹೆಚ್ಚು ಕಣೋ ಕೇತ," ಎಂದು ಅವಳು ನಕ್ಕಳು. "ತಿಂದವರು ಹಲ್ಲು ಹಿಡಿದುಕೊಂಡು ಹೋಗುತ್ತಾರೆ, ಮತ್ತೆ ತಿರುಗಿ ನೋಡುವುದಿಲ್ಲ."

ಅವಳ ಹೆಂಚು ತಣ್ಣಗಿತ್ತು. ಎಲ್ಲರನ್ನೂ ನಗಿಸುವ ಕೇತಯ್ಯನಿಗೆ ಅಂದು ನಗು ಬರಲಿಲ್ಲ.

ಮಳೆಗಾಲ ಕಳೆದ ಮೇಲೆ ನಾಗರಸ ಕೇತಯ್ಯನೊಂದಿಗೆ ಪೇಟೆ ನೋಡಲು ಬಂದ. ಮಾಡಿನ ಹೆಂಚುಗಳು ಜಾರಿದ್ದವು, ಜಗಲಿಯಲ್ಲಿ ಹುಲ್ಲು ಎದ್ದಿತ್ತು, ಸೂರಿನ ತುಂಬ ಬಾವಲಿ. ಗೆದ್ದಲು ತಿನ್ನುತ್ತಿದ್ದ ಕಂಬದ ಪಕ್ಕದಲ್ಲೇ ಬೊಮ್ಮಣ್ಣ ಈಟಿ ಹಿಡಿದು ನೆಟ್ಟಗೆ ನಿಂತಿದ್ದ.

"ಕಣ್ಣೆದುರೇ ಗೆದ್ದಲು ತಿನ್ನುತ್ತಿದೆಯಲ್ಲೋ, ಓಡಿಸಬಾರದೆ?"

"ಓಡಿಸಬೇಕಾದರೆ ಕಂಬ ಮುಟ್ಟಬೇಕು, ಪ್ರಭು. ಅಪ್ಪಣೆಯಿಲ್ಲ."

ರಾಜನ ಮುಖ ಕೆಂಪಾಯಿತು. ದೀಪಾವಳಿಗೆ ನೆರೆರಾಜ್ಯದ ದೊರೆ ರಾಣಿಯರನ್ನೂ ಕಟ್ಟಿಕೊಂಡು ಬರುವವನಿದ್ದ. "ಕೇತಯ್ಯ! ಹಬ್ಬಕ್ಕೆ ಪೇಟೆ ಮೊದಲಿನಂತೆ ಗಿಜಿಗುಡಬೇಕು. ಆದರೆ ಯಾರೂ ಏನೂ ಮುಟ್ಟಬಾರದು. ಆಗದಿದ್ದರೆ ರಾಜ್ಯ ಬಿಟ್ಟು ತೊಲಗು!"

ಕೇತಯ್ಯ ಕೈಮುಗಿದು ಹೇಳಿದ, "ಆಗಲಿ ಪ್ರಭು. ಆದರೆ ಪೇಟೆಗಿಂತ ಬೆಲೆಬಾಳುವ ವಂಶದ ಸೊತ್ತು ಇನ್ನೊಂದು ನಮ್ಮಲ್ಲಿದೆ. ಅದಕ್ಕೂ ಇದೇ ಕಾವಲು ಹಾಕಿಸಿ. ಎರಡರ ಕಾವಲು ತೆಗೆಯುವ ಮಾತು ಮಾತ್ರ ನನ್ನದಾಗಿರಲಿ."

"ವಂಶದ ಸೊತ್ತೇ? ಹಾಕು, ಹಾಕು! ಕೇಳಿಸಿತೇನೋ ಬೊಮ್ಮಣ್ಣ?"

ಮರುದಿನ ಬೆಳಗ್ಗೆ ನಾಗರಸ ಕಣ್ಣು ಬಿಟ್ಟರೆ ಮಂಚದ ಸುತ್ತ ಈಟಿಗಳು.

"ಏಳಬೇಡಿ ಪ್ರಭು," ಎಂದ ಬೊಮ್ಮಣ್ಣ. "ಮೊಣಕಾಲು ಸವೆಯುತ್ತದೆ. ವಂಶದ ಸೊತ್ತು ಎಂದರೆ ತಾವೇ ಎಂದು ಕೇತಯ್ಯನವರು ತಿಳಿಸಿದರು."

ಹೋಳಿಗೆಯ ತಟ್ಟೆ ಬಂತು. "ಬೇಡ ಪ್ರಭು, ಹಲ್ಲು ಸವೆಯುತ್ತದೆ." ತಟ್ಟೆ ಹಿಂದಕ್ಕೆ ಹೋಯಿತು. ರಾಜ ಗುಡುಗಿದ. "ಕಿರುಚಬೇಡಿ, ಗಂಟಲು ಬಿರಿಯುತ್ತದೆ." ಗಾಬರಿಯಿಂದ ಓಡಿಬಂದ ರಾಣಿ ಹಣೆ ಮುಟ್ಟಲು ಕೈ ಚಾಚಿದರೆ ಈಟಿ ಅಡ್ಡ ಬಂತು.

"ಲೋ, ರಾಜ ನಾನು ಹೇಳುತ್ತಿದ್ದೇನೆ, ಬಿಡೋ!"

"ತಾವೇ ಹೇಳಿದರೂ ಕೇಳಬಾರದೆಂದು ತಮ್ಮದೇ ಅಪ್ಪಣೆ, ಪ್ರಭು."

ರಾಣಿ ಸೆರಗಿನಲ್ಲಿ ನಗು ಮುಚ್ಚಿಕೊಂಡು ಹೊರಟುಹೋದಳು.

ಮಧ್ಯಾಹ್ನಕ್ಕೆ ಕೇತಯ್ಯ ಬಂದ. ಒಂದು ಉದ್ದ ಕೋಲಿನ ತುದಿಗೆ ನವಿಲುಗರಿ ಕಟ್ಟಿಕೊಂಡು, ದೂರದಲ್ಲೇ ನಿಂತು ರಾಜನ ಮೂಗಿನ ಮೇಲಿನ ಧೂಳು ಜಾಡಿಸಿದ.

"ಕೇತಯ್ಯ, ಹಸಿವಿನಿಂದ ಸಾಯುತ್ತಿದ್ದೇನೆ ಕಣೋ!"

"ಸಾಯಬಹುದು ಪ್ರಭು. ಆದರೆ ಮೈಮೇಲೆ ಒಂದು ಗೀರೂ ಇಲ್ಲದೆ ಸಾಯುತ್ತೀರಿ, ನಮ್ಮ ಪೇಟೆಯ ಹಾಗೆ."

ರಾಜನ ಹೊಟ್ಟೆ ಗುರ್ರೆಂದಿತು. ಅದಕ್ಕೆ ಅಪ್ಪಣೆ ಇದೆಯೋ ಇಲ್ಲವೋ ತಿಳಿಯದೆ ಬೊಮ್ಮಣ್ಣ ತಲೆ ಕೆರೆದುಕೊಂಡ.

"ಅಂದರೆ," ನಾಗರಸ ಮೆಲ್ಲಗೆ ಕೇಳಿದ, "ಪೇಟೆಗೂ ಹೊಟ್ಟೆ ಇದೆ ಎನ್ನುತ್ತೀಯಾ?"

"ಇದೆ ಪ್ರಭು. ಗಿರಾಕಿಯೇ ಅದರ ಅನ್ನ. ದಿನವೂ ಒರಗುವ ಬೆನ್ನಿಗೆ ಕಂಬ ಅಲುಗಿದ್ದು ಅಂದೇ ಗೊತ್ತಾಗುತ್ತದೆ. ಸೂರಿನ ಕೆಳಗೆ ಹೊಟ್ಟೆ ಹೊರೆಯುವವನೇ ಸೂರಿಗೆ ಹೆಂಚು ಹೊದಿಸುತ್ತಾನೆ. ಈಟಿ ಹಿಡಿದವನು ಹೊದಿಸುತ್ತಾನೆಯೇ?"

"ಇಲ್ಲ," ಎಂದು ಬೊಮ್ಮಣ್ಣನೇ ಒಪ್ಪಿಕೊಂಡ.

"ಹೋಳಿಗೆ ತರಿಸು, ಮಾರಾಯ. ಪೇಟೆಯ ಕಾವಲನ್ನೂ ತೆಗೆಸು!"

"ಎರಡೂ ಕಾವಲು ತೆಗಿ, ಬೊಮ್ಮಣ್ಣ," ಎಂದ ಕೇತಯ್ಯ.

ಹೋಳಿಗೆ ಖಾಲಿಯಾಗುವುದರೊಳಗೆ ಹೊಸ ಅಪ್ಪಣೆ ಹೊರಟಿತು. ಹಳೆಯ ವ್ಯಾಪಾರಿಗಳೆಲ್ಲ ಅವರವರ ಜಗಲಿಗೆ ಮರಳಬೇಕು. ಬಾಡಿಗೆ ಇಲ್ಲ, ಬದಲಿಗೆ ಎದುರಿನ ಕಂಬ, ಮೇಲಿನ ಸೂರು ಅವರದೇ ಜವಾಬ್ದಾರಿ. ಹಾಳಾದ ಕಂಬಗಳನ್ನು ಊರ ಬಡಗಿಗಳೇ ಹಳೆಯ ಕೆತ್ತನೆಯಂತೆ ಸರಿಪಡಿಸಬೇಕು. ಅರಮನೆಯ ಕಂಬಳಿ, ಬುಟ್ಟಿ, ಬಳೆ ಇನ್ನು ಮೇಲೆ ಪೇಟೆಯಿಂದಲೇ.

ದೀಪಾವಳಿಗೆ ಅಲ್ಲಿ ಎಳ್ಳು ಬಿದ್ದರೆ ನೆಲ ಮುಟ್ಟದಷ್ಟು ಜನ. ನೆರೆರಾಜ್ಯದ ರಾಣಿಯರು ಕೈತುಂಬ ಬಳೆ ಇಡಿಸಿಕೊಂಡರು. ಅವರ ದೊರೆ ಕಂಬಳಿ ಹೊದ್ದು ಬೆವರುತ್ತಾ ಮೆಚ್ಚಿಕೊಂಡ. ಬೊಮ್ಮಣ್ಣ ಮೊದಲ ಬಾರಿಗೆ ಕಂಬಕ್ಕೊರಗಿ ನಿದ್ದೆ ಹೋಗಿದ್ದ.

ಸಾತವ್ವನ ಒಲೆಯ ಮುಂದೆ ಉದ್ದನೆಯ ಸಾಲು. ದೋಸೆಯ ಘಮಕ್ಕೆ ನಾಗರಸ ಜನರ ನಡುವೆ ತೂರಿಕೊಂಡು ಬಂದು ಕೇತಯ್ಯನ ಹೆಗಲ ಮೇಲೆ ಕೈಯಿಟ್ಟ.

"ಭೇಷ್ ಕೇತಯ್ಯ! ಏನು ಬಹುಮಾನ ಬೇಕು ಕೇಳು. ಮುತ್ತಿನ ಹಾರವೇ? ಭೂಮಿಯೇ?"

ಕೇತಯ್ಯ ಒಲೆಯಿಂದ ಕಣ್ಣು ಕೀಳದೆ ಹೇಳಿದ, "ಸದ್ಯಕ್ಕೆ ಒಂದು ಹೆಜ್ಜೆ ಹಿಂದೆ ಸರಿಯಿರಿ, ಪ್ರಭು. ಸರದಿ ನನ್ನದು."